ಫೈಲ್ ಅಪ್‌ಲೋಡ್ ಕೈಕೊಟ್ಟಾಗ: ಯಾವ ಕೆಲಸಕ್ಕೆ ಯಾವ ದಾರಿ?

“ಅಣ್ಣ, ಹೆಸರು ಬರ್ದೀನ್ರಿ. ಬರ್ದಿಲ್ಲ ಅಂತೈತಿ.”

ಗಂಗಾವತಿಯ ಒಂದು ಆನ್‌ಲೈನ್ ಸೆಂಟರ್‌ನಿಂದ ಬಂದ ಫೋನ್ ಅದು. ಸೆಂಟರ್ ನಡೆಸುವವರಿಗೆ ನನ್ನ ಪರಿಚಯ ಇತ್ತು. ಅವರು ಫೋನನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟಿದ್ದರು. ಕನಕಗಿರಿ ಕಡೆಯ ಹಳ್ಳಿಯವಳು. ಕಾಲೇಜಿನ ಪ್ರವೇಶಕ್ಕೆ ಅರ್ಜಿ ಹಾಕುತ್ತಿದ್ದಳು, ಅವತ್ತೇ ಕೊನೆಯ ದಿನ. ಅಂಕಪಟ್ಟಿ, ಜಾತಿ ಆದಾಯ ಪ್ರಮಾಣಪತ್ರ, 371ಜೆ ಪ್ರಮಾಣಪತ್ರ, ಆಧಾರ್, ಫೋಟೋ, ಹೀಗೆ ಐದು ಫೈಲ್. ಎಲ್ಲವನ್ನೂ ಮೊಬೈಲಿನಲ್ಲೇ ಫೋಟೋ ಹೊಡೆದು ಹಾಕಿದ್ದಳು. ‘ಸಲ್ಲಿಸಿ’ ಒತ್ತಿದರೆ ಪುಟ ಎರಡು ನಿಮಿಷ ತಿರುಗಿ, ಕೊನೆಗೆ ಖಾಲಿ ಅರ್ಜಿಯನ್ನು ಮುಂದಿಟ್ಟು ‘ಹೆಸರು ಕಡ್ಡಾಯ’ ಅಂತ ಕೆಂಪಕ್ಷರದಲ್ಲಿ ತೋರಿಸುತ್ತಿತ್ತು. ಆರು ಸಲ ತುಂಬಿದ್ದಳು.

ಆ ಪುಟ ಮಾಡಿದ್ದು ನಾನೇ.

ಕಾರಣ ಸಿಗಲು ಹತ್ತು ನಿಮಿಷ ಸಾಕಾಯಿತು. ಸರ್ವರ್‌ನಲ್ಲಿ ಆ ಪುಟ ನಡೆಸುವ ಪಿಎಚ್‌ಪಿ ಭಾಷೆಯಲ್ಲಿ ಎರಡು ಮಿತಿ ಇವೆ. ಒಂದು ಫೈಲ್ ಎಷ್ಟಿರಬಹುದು ಅಂತ ಹೇಳುವುದು ‘ಅಪ್‌ಲೋಡ್_ಮ್ಯಾಕ್ಸ್_ಫೈಲ್‌ಸೈಜ್’. ಮೊದಲಿಗೆ ಅದು 2 ಎಂಬಿ ಇರುತ್ತದೆ. ನಾನು 5ಕ್ಕೆ ಏರಿಸಿದ್ದೆ. ಇಡೀ ಅರ್ಜಿ ಸೇರಿ ಎಷ್ಟಿರಬಹುದು ಅಂತ ಹೇಳುವುದು ‘ಪೋಸ್ಟ್_ಮ್ಯಾಕ್ಸ್_ಸೈಜ್’. ಅದು 8 ಎಂಬಿಯಲ್ಲೇ ಉಳಿದಿತ್ತು. ಅವಳ ಐದು ಫೋಟೋ ಸೇರಿ 16 ಎಂಬಿ. ಎರಡನೆಯ ಮಿತಿ ದಾಟಿದರೆ ಪಿಎಚ್‌ಪಿ ಫೈಲ್‌ಗಳ ಜೊತೆಗೆ ಬರೆದ ಅಕ್ಷರಗಳನ್ನೂ ಬಿಟ್ಟುಬಿಡುತ್ತದೆ. ನಮ್ಮ ಕೋಡ್‌ಗೆ ಸಿಗುವುದು ಖಾಲಿ ಅರ್ಜಿ. ಕೋಡ್ ಹೆಸರು ಹುಡುಕಿತು, ಸಿಗಲಿಲ್ಲ, ‘ಹೆಸರು ಕಡ್ಡಾಯ’ ಅಂದಿತು.

ಮಿತಿ ಏರಿಸಿದೆ. ಅವಳ ಅರ್ಜಿ ಹೋಯಿತು. ಆದರೆ ನನ್ನ ನಂಬರ್ ಗೊತ್ತಿಲ್ಲದವರು ಎಷ್ಟು ಜನ ಸೋತು ಎದ್ದು ಹೋದರೋ! ಆ ಸಂಕಟ ಇವತ್ತಿಗೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆಯ ಕಾಲೇಜು, ಮಿಲ್ಲು, ಅಂಗಡಿಗಳಿಗೆ ಸೈಟ್ ಮಾಡಿಕೊಡುವವರು ಅಪ್‌ಲೋಡ್‌ಗೆ ಯಾವ ದಾರಿ ಹಿಡಿಯಬೇಕು, ಯಾವ ದಾರಿಯಲ್ಲಿ ಯಾವ ಎಡವಟ್ಟು ಕಾದಿರುತ್ತದೆ ಅನ್ನುವುದಷ್ಟೇ ಇಲ್ಲಿನ ಮಾತು.

ಮೂರು ಕೆಲಸಗಳನ್ನು ಎದುರಿಗೆ ಇಟ್ಟುಕೊಳ್ಳುತ್ತೇನೆ. ಮೂರೂ ನಾನು ಕೈಯಾರೆ ಮಾಡಿದವು. ಒಂದು, ಮೇಲೆ ಹೇಳಿದ ಕಾಲೇಜಿನ ಅರ್ಜಿ. ಎರಡು, ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನ ಆರ್ಡರ್ ಪುಟ. ಹೊರ ಊರಿನ ವ್ಯಾಪಾರಿಗಳು ತಮಗೆ ಬೇಕಾದ ವಾಷ್, ಹೊಲಿಗೆ, ಗುಂಡಿಯ ಫೋಟೋಗಳನ್ನು ಇಪ್ಪತ್ತು ಮೂವತ್ತು ಒಟ್ಟಿಗೆ ಕಳಿಸುತ್ತಾರೆ. ಮೂರು, ರಾಯಚೂರಿನ ಒಂದು ಕೋಚಿಂಗ್ ಕೇಂದ್ರ. ಮೇಷ್ಟ್ರು ಮನೆಯಲ್ಲಿ ಪಾಠ ರೆಕಾರ್ಡ್ ಮಾಡಿ 300 ಎಂಬಿ, 500 ಎಂಬಿ ವಿಡಿಯೋ ಹಾಕುತ್ತಾರೆ.

ಮೂರಕ್ಕೂ ಒಂದೇ ದಾರಿ ಸರಿಹೋಗುವುದಿಲ್ಲ. ಆಯ್ಕೆ ಮಾಡುವ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಅರ್ಧಕ್ಕೆ ನಿಂತರೆ ಕಳಿಸುವವರಿಗೆ ಎಷ್ಟು ನಷ್ಟ?

ಸಾದಾ ಫಾರ್ಮ್

ಎಲ್ಲರೂ ಮೊದಲು ಕಲಿಯುವುದು ಇದನ್ನೇ. ಫಾರ್ಮ್, ಫೈಲ್ ಆರಿಸುವ ಗುಂಡಿ, ‘ಸಲ್ಲಿಸಿ’. ಜಾವಾಸ್ಕ್ರಿಪ್ಟ್ ಬೇಡ. ಹಳೆಯ ಫೋನಿನಲ್ಲೂ ನಡೆಯುತ್ತದೆ. ಒಂದೋ ಎರಡೋ ಸಣ್ಣ ಫೈಲ್ ಇದ್ದರೆ ಇದಕ್ಕಿಂತ ಗಟ್ಟಿ ದಾರಿ ಇಲ್ಲ ಅಂತಲೇ ಹೇಳುತ್ತೇನೆ.

ಇದರ ದೋಷ ಅಂದರೆ ಎಲ್ಲವೂ ಒಂದೇ ಗಂಟು. ಐದು ಫೈಲ್‌ನಲ್ಲಿ ನಾಲ್ಕು ಹೋಗಿ ಐದನೆಯದಕ್ಕೆ ನೆಟ್ ಹೋದರೂ ಐದೂ ಹೋದಂತೆ. ಇನ್ನೊಂದು ನೋವು: ತಪ್ಪಾಗಿ ಪುಟ ವಾಪಸ್ ಬಂದರೆ ಆರಿಸಿದ ಫೈಲ್‌ಗಳು ಗುಂಡಿಯಲ್ಲಿ ಉಳಿದಿರುವುದಿಲ್ಲ. ಸುರಕ್ಷತೆಗಾಗಿ ಬ್ರೌಸರ್ ನಮಗೆ ಅವನ್ನು ಮತ್ತೆ ತುಂಬಲು ಬಿಡುವುದಿಲ್ಲ. ಹೆಸರು ವಿಳಾಸವನ್ನು ಮತ್ತೆ ತೋರಿಸಬಹುದು, ಫೈಲ್‌ಗಳನ್ನು ಅವರೇ ಮತ್ತೆ ಹುಡುಕಿ ಹಾಕಬೇಕು.

ಈ ದಾರಿಯಲ್ಲಿ ತಪ್ಪು ಹುಟ್ಟುವ ಜಾಗಗಳನ್ನು ಒಂದೊಂದಾಗಿ ನೋಡಿಕೊಳ್ಳಿ, ಯಾಕೆಂದರೆ ಉಳಿದ ದಾರಿಗಳಲ್ಲೂ ಇವೇ ಬರುತ್ತವೆ. ಮೊದಲ ಬಾಗಿಲು ವೆಬ್ ಸರ್ವರ್. ಎಂಜಿನ್‌ಎಕ್ಸ್ ಇದ್ದರೆ ಅದರ ‘ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್’ ನಾವು ಮುಟ್ಟದಿದ್ದರೆ 1 ಎಂಬಿ. ಅದಕ್ಕಿಂತ ದೊಡ್ಡದು ಬಂದರೆ 413 (ತುಂಬಾ ದೊಡ್ಡದು) ಅಂತ ಹೇಳಿ ಬಾಗಿಲು ಹಾಕುತ್ತದೆ. ನಮ್ಮ ಪಿಎಚ್‌ಪಿಗೆ ಸುದ್ದಿಯೇ ಇರುವುದಿಲ್ಲ. ಇನ್ನೂ ತೊಂದರೆ ಏನೆಂದರೆ ಬ್ರೌಸರ್ ಈ 413 ಅನ್ನು ಸರಿಯಾಗಿ ತೋರಿಸದೆಯೂ ಇರಬಹುದು. ಅದು ಇನ್ನೂ ಕಳಿಸುತ್ತಿರುವಾಗಲೇ ಸರ್ವರ್ ಸಂಪರ್ಕ ಕಡಿದರೆ, ನೋಡುವವರಿಗೆ ‘ಕನೆಕ್ಷನ್ ಕಟ್ಟಾಯಿತು’ ಅಂತ ಕಾಣುತ್ತದೆ. ಅವರು ಜಿಯೋ ಬಿಟ್ಟು ಏರ್‌ಟೆಲ್ ಹಾಕಿಕೊಂಡು ನೋಡುತ್ತಾರೆ. ನೆಟ್ಟಿನದು ಏನೂ ತಪ್ಪಿರುವುದಿಲ್ಲ.

ಎರಡನೆಯ ಬಾಗಿಲು ನಾನು ಮುಗ್ಗರಿಸಿದ ‘ಪೋಸ್ಟ್_ಮ್ಯಾಕ್ಸ್_ಸೈಜ್’. ಇದನ್ನು ಹಿಡಿಯುವುದು ಸುಲಭ. ಬಂದದ್ದು ಪೋಸ್ಟ್ ವಿನಂತಿ, ಆದರೆ ಒಳಗೆ ಏನೂ ಇಲ್ಲ, ಹೆಡರ್‌ನಲ್ಲಿ ಬಂದ ಕಂಟೆಂಟ್ ಲೆಂತ್ (ಕಳಿಸಿದ್ದರ ಒಟ್ಟು ಗಾತ್ರ) ಮಾತ್ರ ಮಿತಿಗಿಂತ ದೊಡ್ಡದು. ಹೀಗಿದ್ದರೆ ಹೆಸರು, ಊರು ಪರೀಕ್ಷಿಸುವ ಮೊದಲೇ ‘ಫೈಲ್‌ಗಳು ಸೇರಿ ತುಂಬಾ ದೊಡ್ಡದಾಗಿವೆ’ ಅಂತ ಹೇಳಿಬಿಡಬೇಕು. ನಾಲ್ಕು ಸಾಲಿನ ಕೋಡ್. ಅದನ್ನು ಬರೆಯದೆ ಆ ಹುಡುಗಿಯಿಂದ ಆರು ಸಲ ಅರ್ಜಿ ತುಂಬಿಸಿದೆ.

ಮೂರನೆಯದು ಪ್ರತಿ ಫೈಲಿಗೆ ಪಿಎಚ್‌ಪಿ ಕೊಡುವ ತಪ್ಪಿನ ಸಂಖ್ಯೆ. 0 ಅಂದರೆ ಸರಿ. 1ರಿಂದ 8ರವರೆಗೆ ತಪ್ಪುಗಳು, ನಡುವೆ 5 ಇಲ್ಲ. ಎಷ್ಟೋ ಕೋಡ್‌ಗಳಲ್ಲಿ ‘0 ಅಲ್ಲದಿದ್ದರೆ ಅಪ್‌ಲೋಡ್ ವಿಫಲ’ ಅಂತ ಒಂದೇ ಸಾಲು ನೋಡಿದ್ದೇನೆ. ಇವನ್ನು ಮುಂದಿನ ಹೆಜ್ಜೆ ಯಾರು ಇಡಬೇಕು ಅನ್ನುವುದರ ಮೇಲೆ ಬೇರೆ ಮಾಡಿ. 1 ಮತ್ತು 2 ಫೈಲ್ ದೊಡ್ಡದು ಅಂತ. ಕಳಿಸುವವರು ಚಿಕ್ಕದು ಮಾಡಬೇಕು. 3 ಅಂದರೆ ಅರ್ಧವಷ್ಟೇ ಬಂದಿದೆ. ಅದೇ ಫೈಲ್ ಮತ್ತೆ ಕಳಿಸಿದರೆ ಸಾಕು. 4 ಅಂದರೆ ಫೈಲ್ ಆರಿಸಿಯೇ ಇಲ್ಲ. ಕಡ್ಡಾಯ ಅಲ್ಲದ ಜಾಗದಲ್ಲಿ ಇದು ತಪ್ಪೇ ಅಲ್ಲ. 6, 7, 8 ಬಂದರೆ ತಪ್ಪು ನಮ್ಮದು: ತಾತ್ಕಾಲಿಕ ಫೋಲ್ಡರ್ ಇಲ್ಲ, ಡಿಸ್ಕಿಗೆ ಬರೆಯಲು ಆಗಲಿಲ್ಲ, ಪಿಎಚ್‌ಪಿಯ ಯಾವುದೋ ಎಕ್ಸ್‌ಟೆನ್ಷನ್ ತಡೆಯಿತು. ಆಗ ಕಳಿಸುವವರಿಗೆ ‘ಬೇರೆ ಫೈಲ್ ಹಾಕಿ’ ಅನ್ನುವುದು ಅನ್ಯಾಯ. ‘ನಮ್ಮ ಕಡೆ ತೊಂದರೆಯಾಗಿದೆ, ನಿಮ್ಮ ಫೈಲ್ ಸರಿಯಿದೆ’ ಅಂತ ಹೇಳಿ, ನಮಗೇ ಒಂದು ಮೆಸೇಜ್ ಬರುವಂತೆ ಮಾಡಬೇಕು.

ಬೇರೆ ಭಾಷೆಗಳಲ್ಲೂ ಮೊದಲೇ ಇಟ್ಟ ಮಿತಿಗಳಿವೆ, ಹೆಸರು ಬೇರೆ ಅಷ್ಟೆ. ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿ ಒಂದು ಫೈಲಿಗೆ 1 ಎಂಬಿ, ಇಡೀ ವಿನಂತಿಗೆ 10 ಎಂಬಿ. ಜಾವಾಸ್ಕ್ರಿಪ್ಟ್‌ನ ನೋಡ್‌ನಲ್ಲಿ, ಫೈಲ್ ಪಡೆಯುವ ಮಲ್ಟರ್ ಬಳಸುವವರು ಮಿತಿಯನ್ನು ತಾವೇ ಬರೆಯಬೇಕು, ಮತ್ತು ಅದು ಎಸೆಯುವ ತಪ್ಪನ್ನು ತಾವೇ ಹಿಡಿಯಬೇಕು. ಹಿಡಿಯದಿದ್ದರೆ ನೋಡುವವರಿಗೆ ಹೋಗುವುದು ಬರೀ 500, ಅಂದರೆ ಸರ್ವರ್‌ನಲ್ಲಿ ಏನೋ ಕೆಟ್ಟಿದೆ ಅಂತಷ್ಟೇ.

ಒಂದೊಂದೇ ಫೈಲ್, ಆರಿಸಿದ ಕೂಡಲೇ

ಈಗ ಕಾಲೇಜಿನ ಅರ್ಜಿ ಹೀಗೆ ನಡೆಯುತ್ತದೆ. ಅಂಕಪಟ್ಟಿ ಆರಿಸಿದ ತಕ್ಷಣ ಅದೊಂದೇ ಹೋಗುತ್ತದೆ. ಪಕ್ಕದಲ್ಲಿ ಹಸಿರು ಗುರುತು ಬರುತ್ತದೆ. ಆಮೇಲೆ ಜಾತಿ ಆದಾಯ ಪ್ರಮಾಣಪತ್ರ. ಕೊನೆಗೆ ‘ಸಲ್ಲಿಸಿ’ ಒತ್ತಿದಾಗ ಹೋಗುವುದು ಅಕ್ಷರಗಳು ಮತ್ತು ಈಗಾಗಲೇ ಸೇರಿದ ಫೈಲ್‌ಗಳ ಗುರುತಿನ ಸಂಖ್ಯೆಗಳು ಮಾತ್ರ. ನಾಲ್ಕನೆಯದು ಕೈಕೊಟ್ಟರೆ ನಾಲ್ಕನೆಯದನ್ನು ಮಾತ್ರ ಮತ್ತೆ ಹಾಕಬೇಕು.

ಸಾದಾ ಫಾರ್ಮ್‌ಗೆ ಹೋಲಿಸಿದರೆ ನಮಗೆ ಕೆಲಸ ಜಾಸ್ತಿ. ಅರ್ಧಕ್ಕೆ ಬಿಟ್ಟು ಹೋದವರ ಫೈಲ್‌ಗಳು ಸರ್ವರ್‌ನಲ್ಲಿ ಉಳಿಯುತ್ತವೆ, ಅವನ್ನು ಒಂದೆರಡು ದಿನಕ್ಕೊಮ್ಮೆ ಅಳಿಸುವ ಕೋಡ್ ಬೇಕು. ಆದರೂ ಮೊಬೈಲಿನಿಂದ ಮೂರಕ್ಕಿಂತ ಹೆಚ್ಚು ಫೈಲ್ ಬರುವ ಕಡೆ ನಾನು ಇದನ್ನೇ ಆರಿಸುತ್ತೇನೆ.

ಕಳಿಸಲು ಜಾವಾಸ್ಕ್ರಿಪ್ಟ್‌ನ ಫೆಚ್ ಬಳಸಬೇಕೋ ಎಕ್ಸ್‌ಎಚ್‌ಆರ್ ಬಳಸಬೇಕೋ? ಫೆಚ್ ಬರೆಯಲು ಚೆನ್ನ. ಆದರೆ ಎಷ್ಟು ಹೋಯಿತು ಅಂತ ತೋರಿಸಲು ಅದರಲ್ಲಿ ನೇರ ಅನುಕೂಲ ಇಲ್ಲ. ಎಕ್ಸ್‌ಎಚ್‌ಆರ್ ಹಳೆಯದಾದರೂ ಆ ಲೆಕ್ಕ ಕೊಡುತ್ತದೆ. 5 ಎಂಬಿಯ ಫೋಟೋ 1 ಎಂಬಿಪಿಎಸ್ ಲೈನಿನಲ್ಲಿ ಹೋಗಲು 40 ಸೆಕೆಂಡ್ ಬೇಕು. 40 ಸೆಕೆಂಡ್ ಏನೂ ಅಲುಗಾಡದ ಪುಟ ನೋಡಿದರೆ ಯಾರಾದರೂ ಮತ್ತೆ ಒತ್ತುತ್ತಾರೆ, ಅಲ್ವಾ? ಅದಕ್ಕೇ ಅಪ್‌ಲೋಡ್‌ಗೆ ನಾನು ಇನ್ನೂ ಎಕ್ಸ್‌ಎಚ್‌ಆರ್ ಅನ್ನೇ ಹಿಡಿದಿದ್ದೇನೆ. ಒಂದು ಎಚ್ಚರ: ಎಷ್ಟು ಹೋಯಿತು ಅಂತ ತೋರಿಸುವ ಪಟ್ಟಿ 100 ಮುಟ್ಟಿತು ಅಂದರೆ ಫೋನಿನಿಂದ ಹೊರಟಿತು ಅಂತಷ್ಟೇ, ಸರ್ವರ್ ಉಳಿಸಿಕೊಂಡಿತು ಅಂತ ಅಲ್ಲ. ಅಲ್ಲಿ ‘ಕಳಿಸಿಯಾಯಿತು, ಉಳಿಸುತ್ತಿದ್ದೇವೆ’ ಅಂತ ಬರೆದು, ಸರ್ವರ್ ಉತ್ತರ ಬಂದ ಮೇಲೆಯೇ ಹಸಿರು ಗುರುತು ಹಾಕಿ.

ಎರಡರಲ್ಲೂ ಒಂದು ಮೋಸ ಇದೆ. ಸರ್ವರ್ 413 ಅಥವಾ 500 ಅಂತ ಉತ್ತರಿಸಿದರೂ ಫೆಚ್ ಅದನ್ನು ತಪ್ಪು ಅಂತ ಎಣಿಸುವುದಿಲ್ಲ. ಎಕ್ಸ್‌ಎಚ್‌ಆರ್‌ನಲ್ಲೂ ‘ಲೋಡ್’ ಘಟನೆಯೇ ಬರುತ್ತದೆ. ಉತ್ತರದ ಸಂಖ್ಯೆಯನ್ನು ನಾವೇ ನೋಡಬೇಕು. ನೋಡದೆ ‘ಯಶಸ್ವಿ’ ಅಂತ ತೋರಿಸಿದರೆ, ಇಲ್ಲದ ಫೈಲ್ ಇದೆ ಅಂತ ನಂಬಿ ಜನ ಮನೆಗೆ ಹೋಗುತ್ತಾರೆ. ಅಪ್‌ಲೋಡ್‌ನಲ್ಲಿ ಇದಕ್ಕಿಂತ ಕೆಟ್ಟ ತಪ್ಪು ನನಗೆ ಗೊತ್ತಿಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ಸೆಂಟರ್‌ನಲ್ಲಿ ಕೂತು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಫೈಲ್ ಹೋಗಲಿಲ್ಲ. ಕಳಿಸುವವರು ಅದೇ ಫೈಲನ್ನು ಮತ್ತೆ ಆರಿಸುತ್ತಾರೆ. ಏನೂ ಆಗುವುದಿಲ್ಲ. ಆರಿಸಿದ್ದು ಬದಲಾಗಿಲ್ಲವಾದ್ದರಿಂದ ಬ್ರೌಸರ್ ‘ಚೇಂಜ್’ ಘಟನೆಯನ್ನೇ ಕಳಿಸುವುದಿಲ್ಲ. ಪ್ರತಿ ಸಲ ಮುಗಿದ ಮೇಲೆ ಆ ಗುಂಡಿಯ ವ್ಯಾಲ್ಯೂ ಖಾಲಿ ಮಾಡಿದರೆ ಸರಿಹೋಗುತ್ತದೆ. ಜೊತೆಗೆ ‘ಮತ್ತೆ ಕಳಿಸಿ’ ಅಂತ ಒಂದು ಗುಂಡಿ ಕೊಟ್ಟರೆ ಆರಿಸುವ ಕೆಲಸವೇ ತಪ್ಪುತ್ತದೆ.

ಪರೀಕ್ಷೆ ಬ್ರೌಸರ್‌ನಲ್ಲೋ, ಸರ್ವರ್‌ನಲ್ಲೋ?

ಎರಡೂ ಕಡೆ. ಆದರೆ ಎರಡರ ಕೆಲಸ ಬೇರೆ.

ಬ್ರೌಸರ್‌ನಲ್ಲಿ ಮಾಡುವುದು ಕಳಿಸುವವರ ಸಮಯ ಮತ್ತು ಡೇಟಾ ಉಳಿಸಲು. 12 ಎಂಬಿ ಫೈಲ್ ಬೇಡ ಅಂತ ಹೇಳಲು 12 ಎಂಬಿ ಕಳಿಸಿಕೊಳ್ಳುವುದು ಯಾಕೆ? ಆರಿಸಿದ ಕ್ಷಣವೇ ಗಾತ್ರ ಗೊತ್ತಾಗುತ್ತದೆ. ಅಲ್ಲೇ ಹೇಳಿ. ಸರ್ವರ್‌ನಲ್ಲಿ ಮಾಡುವುದು ನಮ್ಮ ಸುರಕ್ಷತೆಗೆ. ಬ್ರೌಸರ್ ಹೇಳುವ ಫೈಲ್ ಬಗೆಯನ್ನಾಗಲಿ ಹೆಸರಿನ ಕೊನೆಯನ್ನಾಗಲಿ ನಂಬುವಂತಿಲ್ಲ. ಫೈಲಿನ ಮೊದಲ ಬೈಟ್‌ಗಳನ್ನು ನೋಡಬೇಕು. ಜೆಪೆಗ್ ಆದರೆ ಎಫ್‌ಎಫ್, ಡಿ8, ಎಫ್‌ಎಫ್ ಅಂತ ಶುರುವಾಗುತ್ತದೆ. ಪಿಡಿಎಫ್ ಆದರೆ ಶೇಕಡಾ ಗುರುತು, ಅದಾದ ಮೇಲೆ ಪಿಡಿಎಫ್ ಅನ್ನುವ ಮೂರು ಇಂಗ್ಲಿಷ್ ಅಕ್ಷರ. ಪಿಎಚ್‌ಪಿಯ ಫೈಲ್‌ಇನ್ಫೋ ಈ ಕೆಲಸ ಮಾಡುತ್ತದೆ. ಮತ್ತು ಬಂದ ಫೈಲ್‌ಗಳನ್ನು ವೆಬ್‌ನಿಂದ ನೇರ ತೆರೆಯಲಾಗದ ಫೋಲ್ಡರ್‌ನಲ್ಲಿ ಇಡಿ. ಇದರಲ್ಲಿ ರಾಜಿ ಬೇಡ.

ಗಾತ್ರ ಜಾಸ್ತಿ ಅಂತ ಬೈದು ಕಳಿಸುವುದಕ್ಕಿಂತ ಬ್ರೌಸರ್‌ನಲ್ಲೇ ಕುಗ್ಗಿಸುವುದು ಇನ್ನೂ ಒಳ್ಳೆಯದು. ಬ್ರೌಸರ್‌ನ ಚಿತ್ರ ಬಿಡಿಸುವ ಸಾಧನವಾದ ಕ್ಯಾನ್ವಾಸ್ ಬಳಸಿ ಫೋಟೋದ ಉದ್ದ ಬದಿಯನ್ನು 2000 ಪಿಕ್ಸೆಲ್‌ಗೆ ಇಳಿಸಿ ಜೆಪೆಗ್ ಮಾಡಿದರೆ, ನನ್ನ ಅನುಭವದಲ್ಲಿ 4 ಎಂಬಿಯ ಅಂಕಪಟ್ಟಿ ಫೋಟೋ ಅರ್ಧ ಎಂಬಿ ಆಸುಪಾಸಿಗೆ ಬರುತ್ತದೆ, ಅಂಕಗಳು ಓದಲು ಬರುತ್ತವೆ. ಇನ್ನೂ ಕೆಳಗೆ ಇಳಿಸಬೇಡಿ. ಪ್ರಮಾಣಪತ್ರದ ಗುರುತಿನ ಸಂಖ್ಯೆಯಾದ ಆರ್‌ಡಿ ನಂಬರ್ ಕಲೆಸಿಹೋದರೆ ಕಾಲೇಜಿನವರು ಅದನ್ನು ತಿರಸ್ಕರಿಸುತ್ತಾರೆ. ಐಫೋನ್‌ಗಳು 2017ರ ಐಓಎಸ್ 11ರಿಂದ ಎಚ್‌ಇಐಸಿ ಅನ್ನುವ ಬಗೆಯಲ್ಲಿ ಫೋಟೋ ಇಡುತ್ತವೆ. ಅದನ್ನು ಕ್ರೋಮ್ ತೆರೆಯುವುದಿಲ್ಲ, ಹಾಗಾಗಿ ಕುಗ್ಗಿಸುವುದೂ ಆಗುವುದಿಲ್ಲ. ಕುಗ್ಗಿಸಲು ಆಗದಿದ್ದರೆ ಮೂಲ ಫೈಲನ್ನೇ ಕಳಿಸಿ, ಸರ್ವರ್‌ನಲ್ಲಿ ಬದಲಿಸಿಕೊಳ್ಳಿ. ಕುಗ್ಗಿಸುವ ಕೋಡ್ ಸೋತಿತು ಅಂತ ಅರ್ಜಿಯೇ ನಿಲ್ಲಬಾರದು.

ತುಂಡು ಮಾಡಿ ಕಳಿಸುವುದು

ರಾಯಚೂರಿನ ಮೇಷ್ಟ್ರ ವಿಡಿಯೋಗೆ ಮೇಲಿನ ಎರಡೂ ದಾರಿ ಸಾಲಲಿಲ್ಲ. 300 ಎಂಬಿ ಫೈಲ್ 2 ಎಂಬಿಪಿಎಸ್‌ನಲ್ಲಿ ಹೋಗಲು 20 ನಿಮಿಷ. 18ನೆಯ ನಿಮಿಷಕ್ಕೆ ಕರೆಂಟ್ ಹೋಗಿ ವೈಫೈ ನಿಂತರೆ 18 ನಿಮಿಷವೂ ನೀರುಪಾಲು. ಬೇಸಿಗೆಯಲ್ಲಿ ಅವರ ಮನೆಯಲ್ಲಿ ಇದು ಪದೇ ಪದೇ ಆಗುತ್ತಿತ್ತು. “ಸರ್, ರಾತ್ರಿ ಹಾಕಿ ಮಲಗ್ತೀನಿ, ಬೆಳಿಗ್ಗೆ ನೋಡಿದ್ರ ಮತ್ತ ಮೊದಲಿಂದ ಅಂತೈತಿ” ಅಂದಿದ್ದರು.

ಫೈಲನ್ನು 5 ಎಂಬಿ ತುಂಡುಗಳಾಗಿ ಕತ್ತರಿಸಿ ಕಳಿಸಿದರೆ ಅದೇ ಲೈನಿನಲ್ಲಿ ಒಂದು ತುಂಡಿಗೆ 20 ಸೆಕೆಂಡ್. ಎಲ್ಲಿ ನಿಂತರೂ ನಷ್ಟ ಆ 20 ಸೆಕೆಂಡಿನಷ್ಟೇ. ತುಂಡು ಮಾಡುವ ಕೋಡ್ ನಾವೇ ಬರೆಯಬಹುದು. ನಾನೂ ಮೊದಲು ಬರೆದೆ. ಬೇಡ. ತುಂಡುಗಳು ಹಿಂದುಮುಂದಾಗುವುದು, ಒಂದೇ ತುಂಡು ಎರಡು ಸಲ ಬರುವುದು, ಕೊನೆಗೆ ಜೋಡಿಸುವಾಗ ಸರ್ವರ್ ಮರುಶುರುವಾಗುವುದು, ಇವೆಲ್ಲ ಒಂದೊಂದೂ ಒಂದೊಂದು ವಾರ ತಿಂದವು.

ಇದಕ್ಕೆ ಟಸ್ ಅನ್ನುವ ಮುಕ್ತ ನಿಯಮಾವಳಿ ಇದೆ. ಅದರ ನಡೆ ಸರಳ. ಮೊದಲು ಬ್ರೌಸರ್ ‘ಇಷ್ಟು ದೊಡ್ಡ ಫೈಲ್ ಕಳಿಸುತ್ತೇನೆ’ ಅಂತ ಪೋಸ್ಟ್ ಮಾಡುತ್ತದೆ, ಸರ್ವರ್ ಒಂದು ವಿಳಾಸ ಕೊಡುತ್ತದೆ. ಆ ವಿಳಾಸಕ್ಕೆ ಪ್ಯಾಚ್ ವಿನಂತಿಗಳಲ್ಲಿ ಬೈಟ್‌ಗಳು ಹೋಗುತ್ತವೆ. ನಡುವೆ ಕಡಿದರೆ, ಮತ್ತೆ ನೆಟ್ ಬಂದಾಗ ಬ್ರೌಸರ್ ಹೆಡ್ ವಿನಂತಿ ಕಳಿಸಿ ‘ಎಲ್ಲಿಯವರೆಗೆ ಬಂತು?’ ಅಂತ ಕೇಳುತ್ತದೆ. ಸರ್ವರ್ ಬೈಟ್ ಲೆಕ್ಕ ಹೇಳುತ್ತದೆ. ಅಲ್ಲಿಂದ ಮುಂದುವರಿಯುತ್ತದೆ. ಇಬ್ಬರ ಲೆಕ್ಕ ತಾಳೆಯಾಗದಿದ್ದರೆ 409 ಬರುತ್ತದೆ. ಬ್ರೌಸರ್‌ಗೆ ಟಸ್-ಜೆಎಸ್-ಕ್ಲೈಂಟ್, ಸರ್ವರ್‌ಗೆ ಟಸ್‌ಡಿ, ಎರಡೂ ಉಚಿತ. ಮೇಷ್ಟ್ರು ಲ್ಯಾಪ್‌ಟಾಪ್ ಮುಚ್ಚಿ ಬೆಳಿಗ್ಗೆ ತೆರೆದು ಅದೇ ಫೈಲ್ ಆರಿಸಿದರೆ ಬಿಟ್ಟಲ್ಲಿಂದ ಹೋಗುತ್ತದೆ. ಆದರೆ ಅದೇ ಫೈಲನ್ನು ಅವರೇ ಮತ್ತೆ ಆರಿಸಬೇಕು. ಇದನ್ನು ಪುಟದಲ್ಲಿ ದೊಡ್ಡದಾಗಿ ಬರೆದಿದ್ದೇನೆ.

ಹಾಗಾದರೆ ಕಾಲೇಜಿನ ಅರ್ಜಿಗೂ ಇದನ್ನೇ ಹಾಕಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಹಾಕಬಹುದು, ಆದರೆ ಬೇಕಿಲ್ಲ. ಅರ್ಧ ಎಂಬಿಗೆ ಕುಗ್ಗಿಸಿದ ಫೋಟೋ ಅದೇ 2 ಎಂಬಿಪಿಎಸ್‌ನಲ್ಲಿ ಎರಡು ಸೆಕೆಂಡಿಗೆ ಹೋಗುತ್ತದೆ. ಅದಕ್ಕೆ ಮೂರು ವಿನಂತಿ, ಬೇರೊಂದು ಸರ್ವರ್, ಅರ್ಧ ಉಳಿದ ತುಂಡುಗಳ ಲೆಕ್ಕ ಇಡುವುದು ದುಂದು. 20 ಎಂಬಿ ದಾಟಿದರೆ ಮಾತ್ರ ನಾನು ತುಂಡಿನ ಮಾತಿಗೆ ಬರುತ್ತೇನೆ.

ನೇರವಾಗಿ ಕ್ಲೌಡ್‌ಗೆ

ಇನ್ನೊಂದು ದಾರಿ, ಫೈಲ್ ನಮ್ಮ ಸರ್ವರ್ ಮುಟ್ಟದೆ ಅಮೆಜಾನ್ ಎಸ್3ರಂಥ ಜಾಗಕ್ಕೆ ನೇರ ಹೋಗುವುದು. ನಮ್ಮ ಸರ್ವರ್ ಸಹಿ ಮಾಡಿದ, ಸ್ವಲ್ಪ ಹೊತ್ತು ಮಾತ್ರ ನಡೆಯುವ ವಿಳಾಸ ಕೊಡುತ್ತದೆ. ಬ್ರೌಸರ್ ಅಲ್ಲಿಗೆ ಹಾಕುತ್ತದೆ. ಜೀನ್ಸ್ ಯೂನಿಟ್‌ಗೆ ಇದನ್ನೇ ಮಾಡಿದೆ. ಸೀಸನ್‌ನಲ್ಲಿ ಒಂದೇ ದಿನ ನೂರಾರು ಫೋಟೋ ಬಂದು ಸಣ್ಣ ಸರ್ವರ್‌ನ ಡಿಸ್ಕ್ ತುಂಬಿ, ಮೇಲೆ ಹೇಳಿದ 7ನೆಯ ತಪ್ಪು ಸಾಲಾಗಿ ಬಂದಿತ್ತು. ಈಗ ಆ ಚಿಂತೆ ಇಲ್ಲ.

ಇಲ್ಲಿ ತಪ್ಪುಗಳ ಮುಖ ಬೇರೆ. ವಿಳಾಸದ ಅವಧಿ ಮುಗಿದರೆ 403 (ಅನುಮತಿ ಇಲ್ಲ) ಬರುತ್ತದೆ. ಮೂವತ್ತು ಫೋಟೋಗೂ ಮೊದಲೇ ವಿಳಾಸ ಪಡೆದಿಟ್ಟುಕೊಂಡರೆ ನಿಧಾನ ನೆಟ್‌ನಲ್ಲಿ ಕೊನೆಯ ಹತ್ತು ಹೀಗೇ ಬೀಳುತ್ತವೆ. ಪ್ರತಿ ಫೋಟೋ ಸರದಿ ಬಂದಾಗ ಹೊಸ ವಿಳಾಸ ಕೇಳಿ. ಸಿಓಆರ್‌ಎಸ್ (ಬೇರೆ ಸೈಟಿನ ಪುಟದಿಂದ ಬರುವ ವಿನಂತಿಗೆ ಕೊಡುವ ಅನುಮತಿ) ಹೊಂದಿಸದಿದ್ದರೆ ಬ್ರೌಸರ್ ಕಾರಣವನ್ನೇ ಹೇಳದೆ ಸೊನ್ನೆ ಕೊಡುತ್ತದೆ. ನೋಡಿದರೆ ನೆಟ್ ಹೋದ ಹಾಗೇ ಕಾಣುತ್ತದೆ. ಗಾತ್ರದ ಮಿತಿ ಹಾಕಬೇಕಾದರೆ ಪೋಸ್ಟ್ ಪಾಲಿಸಿ ಅನ್ನುವ ನಿಯಮಪಟ್ಟಿಯಲ್ಲಿ ಇಷ್ಟರಿಂದ ಇಷ್ಟು ಬೈಟ್ ಅಂತ ಬರೆಯಬಹುದು. ಒಂದೇ ಪುಟ್ ವಿನಂತಿಯಲ್ಲಿ 5 ಜಿಬಿವರೆಗೆ ಹೋಗುತ್ತದೆ. ಮಲ್ಟಿಪಾರ್ಟ್ (ತುಂಡು ತುಂಡಾಗಿ ಕಳಿಸುವುದು) ಆದರೆ ಕೊನೆಯದನ್ನು ಬಿಟ್ಟು ಪ್ರತಿ ತುಂಡು ಕನಿಷ್ಠ 5 ಎಂಬಿ ಇರಬೇಕು, ಒಟ್ಟು 10,000 ತುಂಡಿನವರೆಗೆ. ಮುಗಿಯದೆ ಉಳಿದ ತುಂಡುಗಳಿಗೂ ಬಾಡಿಗೆ ಬೀಳುತ್ತದೆ, ಅವನ್ನು ಅಳಿಸುವ ಲೈಫ್‌ಸೈಕಲ್ ನಿಯಮ ಮೊದಲ ದಿನವೇ ಹಾಕಿ.

ಎಲ್ಲಕ್ಕಿಂತ ಮುಖ್ಯ: ಫೈಲ್ ಅಲ್ಲಿ ಸೇರಿತು, ಆದರೆ ‘ಸೇರಿತು’ ಅಂತ ಬ್ರೌಸರ್ ನಮಗೆ ಹೇಳುವ ಮೊದಲೇ ವ್ಯಾಪಾರಿ ಟ್ಯಾಬ್ ಮುಚ್ಚಿದರು. ಫೋಟೋ ಇದೆ, ಆರ್ಡರ್‌ನಲ್ಲಿ ಇಲ್ಲ. ಅದಕ್ಕೆ ಬ್ರೌಸರ್ ಮಾತನ್ನೇ ಕಾಯಬಾರದು. ಎಸ್3 ಕಡೆಯಿಂದಲೇ ಸುದ್ದಿ ಬರುವಂತೆ ಮಾಡಿಕೊಳ್ಳಿ.

ಹತ್ತಿಪ್ಪತ್ತು ಜನ ಬಳಸುವ ಪುಟಕ್ಕೆ ಈ ದಾರಿ ಬೇಡ. ತಪ್ಪು ಆದಾಗ ಹುಡುಕುವ ಜಾಗ ಎರಡಾಗುತ್ತದೆ.

ತಾನೇ ಮತ್ತೆ ಕಳಿಸಬೇಕೋ, ಕೇಳಿ ಕಳಿಸಬೇಕೋ?

ತಪ್ಪಿನ ಬಗೆ ನೋಡಿ. ನೆಟ್ ಕಡಿದದ್ದು, 408, 429, 502, 503, 504 (ಸಮಯ ಮೀರಿತು, ವಿನಂತಿ ಜಾಸ್ತಿಯಾಯಿತು, ಸರ್ವರ್ ಸಿಗುತ್ತಿಲ್ಲ ಅನ್ನುವಂಥ ಉತ್ತರಗಳು) ಇವು ಸ್ವಲ್ಪ ಹೊತ್ತಿಗೆ ಸರಿಹೋಗುವಂಥವು. ಇವಕ್ಕೆ ಕೋಡ್ ತಾನೇ 1, 2, 4, 8 ಸೆಕೆಂಡ್ ಬಿಟ್ಟು ಬಿಟ್ಟು ಮತ್ತೆ ಕಳಿಸಲಿ. ಆ ಸೆಕೆಂಡುಗಳಿಗೆ ಸ್ವಲ್ಪ ಹೆಚ್ಚುಕಡಿಮೆ ಸೇರಿಸಿ. ಇಲ್ಲದಿದ್ದರೆ ಕೊನೆಯ ದಿನ ಸರ್ವರ್ ಒಮ್ಮೆ ಕುಸಿದು ಎದ್ದಾಗ ಎಲ್ಲರ ಫೋನೂ ಒಂದೇ ಕ್ಷಣಕ್ಕೆ ನುಗ್ಗುತ್ತವೆ. 413, 415, 422 (ದೊಡ್ಡದು, ಬಗೆ ಸರಿಯಿಲ್ಲ, ಒಳಗಿನದು ಸರಿಯಿಲ್ಲ) ಬಂದರೆ ಮತ್ತೆ ಕಳಿಸಿ ಪ್ರಯೋಜನವಿಲ್ಲ. ಸುಮ್ನೆ ಡೇಟಾ ಖರ್ಚು. ಅಲ್ಲಿ ನಿಲ್ಲಿಸಿ ಮನುಷ್ಯರಿಗೆ ಹೇಳಿ.

ಮತ್ತೆ ಕಳಿಸುವುದು ಇದ್ದಲ್ಲಿ ಇನ್ನೊಂದು ಕಷ್ಟ ಬರುತ್ತದೆ. ಫೈಲ್ ಸೇರಿತು, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತು. ಫೋನ್ ಮತ್ತೆ ಕಳಿಸುತ್ತದೆ. ಈಗ ಎರಡು ಅಂಕಪಟ್ಟಿ. ಫೈಲ್ ಆರಿಸಿದಾಗಲೇ ಬ್ರೌಸರ್‌ನಲ್ಲಿ ಒಂದು ಗುರುತಿನ ಸಂಖ್ಯೆ ಹುಟ್ಟಿಸಿ, ಎಷ್ಟು ಸಲ ಕಳಿಸಿದರೂ ಅದೇ ಸಂಖ್ಯೆ ಹೋಗಲಿ. ಸರ್ವರ್ ಅದನ್ನು ನೋಡಿ ‘ಇದು ಬಂದಿದೆ’ ಅಂತ ಹಳೆಯ ಉತ್ತರವನ್ನೇ ಕೊಡಲಿ.

ಹೇಳುವ ಮಾತು ಹೇಗಿರಬೇಕು? ‘ಅಮಾನ್ಯ ಕಡತ ಸ್ವರೂಪ’ ಅಂತ ಬರೆದಿದ್ದೆ ಒಮ್ಮೆ. ಸೆಂಟರ್‌ನವರೇ “ಇದೇನ್ರಿ ಸರ್?” ಅಂತ ಕೇಳಿದರು. ಈಗ ಹೀಗಿದೆ: ‘ಅಂಕಪಟ್ಟಿ ವರ್ಡ್ ಫೈಲ್ ಆಗಿದೆ. ಫೋಟೋ ಅಥವಾ ಪಿಡಿಎಫ್ ಹಾಕಿ. ಉಳಿದ 3 ಫೈಲ್ ಸೇರಿವೆ, ಅವನ್ನು ಮತ್ತೆ ಹಾಕಬೇಡಿ.’ ಯಾವ ಫೈಲ್, ಏನಾಗಿದೆ, ಈಗ ಏನು ಮಾಡಬೇಕು, ಏನು ಉಳಿದಿದೆ. ಕೊನೆಯದನ್ನು ಬಹಳ ಜನ ಬರೆಯುವುದಿಲ್ಲ. ಕಳಿಸುವವರ ಎದೆಬಡಿತ ಇಳಿಯುವುದು ಆ ಸಾಲಿನಿಂದಲೇ.

ಕನ್ನಡ ಹೆಸರಿನ ಫೈಲ್

ಇದು ನಮ್ಮದೇ ಸಮಸ್ಯೆ, ಹೊರಗಿನ ಪಾಠಗಳಲ್ಲಿ ಸಿಗುವುದು ಕಡಿಮೆ. ಫೈಲ್ ಹೆಸರಿನಿಂದ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಉಳಿದದ್ದನ್ನು ತೆಗೆದುಹಾಕುವ ಕೋಡ್ ಎಷ್ಟೋ ಕಡೆ ಇದೆ. ಹುಡುಗ ‘ಅಂಕಪಟ್ಟಿ’ ಅಂತ ಹೆಸರಿಟ್ಟ ಪಿಡಿಎಫ್ ಕಳಿಸಿದರೆ ಹೆಸರೆಲ್ಲ ಹೋಗಿ ಬರೀ ಚುಕ್ಕಿ ಪಿಡಿಎಫ್ ಉಳಿಯುತ್ತದೆ. ಮುಂದಿನವರು ‘ಆದಾಯ’ ಅಂತ ಕಳಿಸಿದರೂ ಅದೇ. ಎರಡನೆಯದು ಮೊದಲನೆಯದರ ಮೇಲೆ ಕೂರುತ್ತದೆ. ಯಾವ ತಪ್ಪೂ ಕಾಣಿಸುವುದಿಲ್ಲ.

ಉದ್ದದ ತೊಂದರೆಯೂ ಇದೆ. ಲಿನಕ್ಸ್‌ನ ಇಎಕ್ಸ್‌ಟಿ4ನಲ್ಲಿ ಫೈಲ್ ಹೆಸರು 255 ಬೈಟ್ ಮೀರುವಂತಿಲ್ಲ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಒತ್ತು, ಗುಣಿತ, ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆ ಲೆಕ್ಕ. ‘ಪ್ರಮಾಣಪತ್ರ’ ಕಣ್ಣಿಗೆ ಐದು ಅಕ್ಷರ, ಒಳಗೆ 10 ಚಿಹ್ನೆ, 30 ಬೈಟ್. ಒಟ್ಟು 85 ಚಿಹ್ನೆಗೆ ಮಿತಿ ಮುಗಿಯುತ್ತದೆ. ಊರು, ತಾಲೂಕು, ತಂದೆ ಹೆಸರು ಸೇರಿಸಿ ಹೆಸರಿಡುವವರು ಇದನ್ನು ಸುಲಭವಾಗಿ ಮುಟ್ಟುತ್ತಾರೆ. ಆಗ ಫೈಲ್ ಸ್ಥಳಾಂತರವಾಗುವುದೇ ಇಲ್ಲ.

ಪರಿಹಾರ ಒಂದೇ. ಡಿಸ್ಕಿನಲ್ಲಿ ನಾವು ಹುಟ್ಟಿಸಿದ ಸಂಖ್ಯೆಯ ಹೆಸರು, ಡೇಟಾಬೇಸ್‌ನಲ್ಲಿ ಅವರು ಕೊಟ್ಟ ಕನ್ನಡ ಹೆಸರು. ತೋರಿಸುವಾಗ ಅವರ ಹೆಸರನ್ನೇ ತೋರಿಸಿ.

ಕೈಯಲ್ಲಿ ಮಾಡಿ ನೋಡುವುದು

ಕಾಲೇಜಿನ ಅರ್ಜಿ ಆರಂಭದಲ್ಲಿ ಕೆಟ್ಟದ್ದು ನನ್ನ ಪರೀಕ್ಷೆಯಿಂದ. ಫೈಬರ್ ಲೈನಿನಲ್ಲಿ, 200 ಕೆಬಿಯ ಸ್ಕ್ಯಾನ್ ಫೈಲ್ ಹಾಕಿ ನೋಡಿ ಸರಿಯಿದೆ ಅಂದುಕೊಂಡಿದ್ದೆ. ಈಗ ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ ನೆಟ್ ವೇಗ ಇಳಿಸಿ ನೋಡುತ್ತೇನೆ. ಆಮೇಲೆ ನಿಜವಾದ ಫೋನ್ ಹಿಡಿದು, ಅಪ್‌ಲೋಡ್ ನಡುವೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯುತ್ತೇನೆ. ವಾಟ್ಸಾಪ್‌ಗೆ ಹೋಗಿ ಬರುತ್ತೇನೆ. ಮಿತಿಗಿಂತ ಒಂದೇ ಬೈಟ್ ದೊಡ್ಡದಾದ ಫೈಲ್, ಸೊನ್ನೆ ಬೈಟಿನ ಫೈಲ್, ಹೆಸರು ಬದಲಿಸಿ ಪಿಡಿಎಫ್ ಅಂತ ಮಾಡಿದ ವರ್ಡ್ ಫೈಲ್, 90 ಚಿಹ್ನೆಯ ಕನ್ನಡ ಹೆಸರಿನ ಫೈಲ್ ಹಾಕುತ್ತೇನೆ. ಪರೀಕ್ಷೆಯ ಸರ್ವರ್‌ನಲ್ಲಿ ಒಂದು ಸಣ್ಣ ಡಿಸ್ಕ್ ತುಂಬಿಸಿಟ್ಟು, ಏನು ಮೆಸೇಜ್ ಬರುತ್ತದೆ ಅಂತ ಓದುತ್ತೇನೆ.

ಇವೆಲ್ಲಕ್ಕಿಂತ ಮೊದಲು ಇನ್ನೊಂದು ಮಾಡುತ್ತೇನೆ. ಆ ಹುಡುಗಿಯ ಐದು ಫೈಲ್‌ಗಳ ಗಾತ್ರವನ್ನು ಅವತ್ತು ಬರೆದಿಟ್ಟುಕೊಂಡಿದ್ದೆ. ಅಷ್ಟಷ್ಟೇ ಗಾತ್ರದ ಐದು ಫೋಟೋ ನನ್ನ ಫೋನಿನಲ್ಲಿ ಒಂದು ಫೋಲ್ಡರ್‌ನಲ್ಲಿವೆ. ಒಟ್ಟು 16 ಎಂಬಿ. ಯಾವ ಹೊಸ ಪುಟ ಮಾಡಿದರೂ ಮನೆಯ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಮೊದಲು ಆ ಐದನ್ನು ಕಳಿಸಿ ನೋಡುತ್ತೇನೆ.